ನೀರು ಹಾಕಿದರೆ ಆಯ್ತಲ್ವಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಗಾಡಿ ಹೀಟ್ ಆಗುತ್ತಿದೆ, ಎಂಜಿನ್ ತಂಪಾಗಿಡುವ ದ್ರವ, ಅಂದರೆ ಕೂಲೆಂಟ್ ಇಳಿಯುತ್ತಿದೆ, ಏನು ಮಾಡೋದು? ಆಶ್ಚರ್ಯವೇನಿಲ್ಲ ಬಿಡಿ. ವಿಜಯಪುರದಲ್ಲಿ ಬಿಸಿಲು 40 ದಾಟಿದೆ, ಮಧ್ಯಾಹ್ನ ಗೋಳಗುಮ್ಮಟದ ಮುಂದಿನ ರಸ್ತೆಯಲ್ಲಿ ನಾಯಿ ಕೂಡ ಕಾಣುತ್ತಿಲ್ಲ. ಆದರೆ ಎಲ್ಲರೂ ಬಿಸಿಲನ್ನೇ ಬೈದು ಬರೆದಿದ್ದೀರಿ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. ಸರಿಯಾಗಿರುವ ಗಾಡಿ 42 ಡಿಗ್ರಿಯಲ್ಲೂ ಎಸಿ ಹಾಕಿಕೊಂಡು ಹುಬ್ಬಳ್ಳಿಗೆ ಹೋಗಿ ಬರುತ್ತದೆ. ಚಳಿಗಾಲದಲ್ಲಿ ಹೇಗೋ ಮುಚ್ಚಿಕೊಂಡಿದ್ದ ಹಳೇ ದೋಷ ಬೇಸಿಗೆಯಲ್ಲಿ ಹೊರಗೆ ಬೀಳುತ್ತದೆ, ಅಷ್ಟೆ.

ಪ್ರಶ್ನೆ: ನನ್ನದು ಒಂಬತ್ತು ವರ್ಷದ ಪೆಟ್ರೋಲ್ ಕಾರು. ಎಂಟು-ಹತ್ತು ದಿನಕ್ಕೊಮ್ಮೆ ಕೂಲೆಂಟ್ ಬಾಟಲಿಯ ಮಟ್ಟ ಮಿನ್ ಗೆರೆಗಿಂತ ಕೆಳಗೆ ಹೋಗುತ್ತದೆ. ನಿಲ್ಲಿಸಿದ ಜಾಗದಲ್ಲಿ ಒಂದು ಹನಿಯೂ ಕಾಣುವುದಿಲ್ಲ. ನಮ್ಮ ಮಿಸ್ತ್ರಿ ‘ಏನೂ ಆಗಂಗಿಲ್ರೀ ಸರ, ನೀರ ಹಾಕ್ಕೋತ ಹೋಗ್ರಿ, ಹಳೇ ಗಾಡಿ ಅಲ್ಲೇನು’ ಅನ್ನುತ್ತಾನೆ. ಮಗಳು ಬೆಳಗಾವಿಯಲ್ಲಿ ಓದುತ್ತಿದ್ದಾಳೆ, ತಿಂಗಳಿಗೆ ಎರಡು ಸಲ ಹೋಗಿ ಬರಬೇಕು. ಹೀಗೇ ಓಡಿಸಬಹುದಾ? (ಬೀಳಗಿಯಿಂದ ಒಬ್ಬ ಶಿಕ್ಷಕರು)

ಉತ್ತರ: ಮಾಸ್ತರೇ, ಊರೊಳಗೆ ಶಾಲೆಗೆ ಹೋಗಿ ಬರಲು ಓಡಿಸಿ, ಅದೂ ದಿನಾ ಬೆಳಿಗ್ಗೆ ಮಟ್ಟ ನೋಡಿಕೊಂಡು. ಬೆಳಗಾವಿಗೆ ಬೇಡ. ಈ ತಿಂಗಳು ಮಗಳನ್ನು ನೋಡಲು ಬಸ್ಸಿಗೆ ಹೋಗಿ.

ನಿಮ್ಮ ಮಿಸ್ತ್ರಿ ಹೇಳಿದ ಮಾತನ್ನು ನಾನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕ ಇಲ್ಲ. ಪೆಟ್ರೋಲ್ ಉರಿದು ಖರ್ಚಾಗುತ್ತದೆ, ಎಂಜಿನ್ ಆಯಿಲ್ ಕೂಡ ಹಳೇ ಗಾಡಿಯಲ್ಲಿ ಸ್ವಲ್ಪ ಸುಡುತ್ತದೆ. ಕೂಲೆಂಟ್ ಹಾಗಲ್ಲ. ಅದು ಎಂಜಿನ್, ರಬ್ಬರ್ ಪೈಪು, ಬಿಸಿಯನ್ನು ಗಾಳಿಗೆ ಬಿಡುವ ರೇಡಿಯೇಟರ್, ಪಂಪು ಇಷ್ಟರೊಳಗೇ ಸುತ್ತು ಹೊಡೆಯುತ್ತಾ ಇರುತ್ತದೆ. ವರ್ಷಕ್ಕೆ ಒಂದು ಬೆರಳು ಇಳಿದರೆ ತಲೆ ಕೆಡಿಸಿಕೊಳ್ಳಬೇಡಿ. ಹತ್ತು ದಿನಕ್ಕೆ ಇಳಿಯುತ್ತಿದೆ ಅಂದರೆ ಎಲ್ಲೋ ದಾರಿ ಮಾಡಿಕೊಂಡಿದೆ, ಆ ದಾರಿ ಸಿಗುವ ತನಕ ನೀವು ತೂತು ಕೊಡಕ್ಕೆ ನೀರು ಸುರಿಯುತ್ತಿದ್ದೀರಿ.

ಹಾಗಾದರೆ ಕೆಳಗೆ ಹನಿ ಯಾಕೆ ಬೀಳುತ್ತಿಲ್ಲ? ಮನೆಯ ಕುಕ್ಕರ್ ನೆನಪಿಸಿಕೊಳ್ಳಿ. ಗ್ಯಾಸ್ಕೆಟ್ ಸವೆದ ಕುಕ್ಕರ್ ಕಟ್ಟೆ ಮೇಲೆ ಸುಮ್ನೆ ಕೂತಿರುತ್ತದೆ, ಒಲೆ ಮೇಲಿಟ್ಟು ಒಳಗೆ ಒತ್ತಡ ಏರಿದ ಮೇಲೆ ಅಂಚಿನಲ್ಲಿ ಬುಸ್ ಅನ್ನುತ್ತದೆ. ಗಾಡಿಯೂ ಅದೇ. ರೇಡಿಯೇಟರ್ ಕ್ಯಾಪ್ ಮೇಲೆ 0.9 ಅಥವಾ 1.1 ಅಂತ ಬರೆದಿರುತ್ತದೆ ನೋಡಿ, ಹೆಚ್ಚುಕಡಿಮೆ ಒಂದು ಬಾರ್ ಒತ್ತಡ ಒಳಗೆ ಹಿಡಿದಿಡಬೇಕು ಅಂತ ಅರ್ಥ. ಆ ಒತ್ತಡ ಇದ್ದರೆ ಬರೀ ನೀರು ಕೂಡ 120 ಡಿಗ್ರಿ ತನಕ ಕುದಿಯುವುದಿಲ್ಲ, ಅರ್ಧ ಕೂಲೆಂಟ್ ಅರ್ಧ ನೀರಿನ ಮಿಶ್ರಣ 125ರ ಮೇಲೂ ತಡೆಯುತ್ತದೆ. ಎಂಜಿನ್ ಓಡುವುದೇ 90-100ರ ಆಸುಪಾಸಿನಲ್ಲಿ. ಅಂದಹಾಗೆ ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಅಲ್ಲಿ ತೆರೆದ ಪಾತ್ರೆಯ ನೀರು 100ಕ್ಕೂ ಎರಡು ಡಿಗ್ರಿ ಮೊದಲೇ ಕುದಿಯುತ್ತದೆ. ಒತ್ತಡ ನಿಲ್ಲದ ಗಾಡಿಯಲ್ಲಿ ಬರೀ ನೀರು ತುಂಬಿಕೊಂಡು ಹೊರಟರೆ ಏನಾಗುತ್ತದೆ ಅಂತ ನೀವೇ ಮಕ್ಕಳಿಗೆ ಪಾಠ ಮಾಡಬಹುದು.

ಗಾಡಿ ಓಡುವಾಗ ಒತ್ತಡಕ್ಕೆ ಸಣ್ಣ ಬಿರುಕಿನಿಂದ ಚಿಮ್ಮಿದ ಕೂಲೆಂಟ್ ಬಿಸಿ ಎಂಜಿನ್ ಮೇಲೆ ಬಿದ್ದು ಆವಿಯಾಗಿ ಹೋಗುತ್ತದೆ. ನಿಲ್ಲಿಸಿ ಆರಿದ ಮೇಲೆ ಒತ್ತಡ ಇಲ್ಲ, ಹನಿಯೂ ಇಲ್ಲ. ಆದರೆ ಅದು ಗುರುತು ಬಿಟ್ಟು ಹೋಗುತ್ತದೆ. ನಾಳೆ ಬೆಳಿಗ್ಗೆ, ಗಾಡಿ ಚಾಲೂ ಮಾಡುವ ಮೊದಲು, ಬಾನೆಟ್ ಎತ್ತಿ ಟಾರ್ಚ್ ಹಿಡಿದು ನೋಡಿ. ಪೈಪು ಸೇರುವ ಕಡೆ, ಕ್ಲಾಂಪ್ ಸುತ್ತ, ರೇಡಿಯೇಟರಿನ ಎರಡು ಬದಿಯ ಪ್ಲಾಸ್ಟಿಕ್ ಟ್ಯಾಂಕ್ ಅಲ್ಯೂಮಿನಿಯಂ ಜೊತೆ ಸೇರುವ ಗೆರೆ ಉದ್ದಕ್ಕೂ, ಪಂಪಿನ ಕೆಳಗೆ, ಬಿಳಿ ಅಥವಾ ಹಸಿರು ಇಲ್ಲವೇ ಗುಲಾಬಿ ಬಣ್ಣದ ಒಣಗಿದ ಪುಡಿ ಅಂಟಿಕೊಂಡಿದ್ದರೆ ಕಳ್ಳ ಅಲ್ಲೇ ಇದ್ದಾನೆ. ಒಂಬತ್ತು ವರ್ಷದ ಗಾಡಿಯಲ್ಲಿ ನನಗೆ ಮೊದಲ ಅನುಮಾನ ಆ ಪ್ಲಾಸ್ಟಿಕ್ ಟ್ಯಾಂಕಿನ ಮೇಲೆಯೇ, ಬಿಸಿಯಾಗಿ ಆರಿ ಬಿಸಿಯಾಗಿ ಆರಿ ಅದು ಹಪ್ಪಳದ ಹಾಗೆ ಆಗಿರುತ್ತದೆ. ಪೈಪನ್ನು ಬೆರಳಿನಿಂದ ಒತ್ತಿ. ಹೊಸ ಪೈಪು ಗಟ್ಟಿಯಾಗಿ ಪುಟಿಯುತ್ತದೆ, ಹಳೆಯದು ಬೆಂದ ಬದನೆಕಾಯಿ ಥರ ಮೆತ್ತಗಾಗಿರುತ್ತದೆ ಅಥವಾ ಚರಚರ ಅನ್ನುತ್ತದೆ. ಎರಡೂ ಬದಲಾಯಿಸುವ ಸ್ಥಿತಿಯೇ. ಪಂಪಿನ ಕೆಳಗೆ ಕಂಪನಿಯವರೇ ಬಿಟ್ಟ ಒಂದು ಸಣ್ಣ ತೂತು ಇರುತ್ತದೆ, ಒಳಗಿನ ಸೀಲ್ ಸವೆದಾಗ ಅಲ್ಲಿಂದ ಒಸರುತ್ತದೆ. ಕೆಲವರು ಅದನ್ನು ಎಂ-ಸೀಲ್ ಹಾಕಿ ಮುಚ್ಚುತ್ತಾರೆ. ಮುಚ್ಚಬೇಡಿ, ನೀರು ಬೇರಿಂಗಿಗೆ ಹೋಗುತ್ತದೆ.

ಒಳಗೂ ನೋಡಿ. ಮುಂದಿನ ಸೀಟಿನಲ್ಲಿ ಕಾಲಿಡುವ ಜಾಗದ ಕಾರ್ಪೆಟ್ ಒದ್ದೆಯಾಗಿದೆಯಾ, ಹೀಟರ್ ಹಾಕಿದಾಗ ಸಿಹಿ ಸಿಹಿ ವಾಸನೆ ಬಂದು ಗಾಜಿನ ಮೇಲೆ ಜಿಡ್ಡು ಮಂಜು ಕೂರುತ್ತದಾ? ಹಾಗಿದ್ದರೆ ಡ್ಯಾಶ್‌ಬೋರ್ಡ್ ಹಿಂದಿನ ಹೀಟರ್ ಕೋರ್ ಸೋರುತ್ತಿದೆ. ನಮ್ಮ ಕಡೆ ಹೀಟರ್ ಯಾರು ಹಾಕುತ್ತಾರೆ ಹೇಳಿ, ಅದಕ್ಕೇ ಇದು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನೊಂದು ಮುಖ್ಯ ವಿಷಯ, ಬಾಟಲಿಯನ್ನೇ ನಂಬಬೇಡಿ. ರೇಡಿಯೇಟರಿಗೆ ಬೇರೆ ಕ್ಯಾಪ್ ಇರುವ ಗಾಡಿಗಳಲ್ಲಿ, ಬಿಸಿಯಾದಾಗ ಹಿಗ್ಗಿದ ಕೂಲೆಂಟ್ ಬಾಟಲಿಗೆ ಹೋಗಿ, ಆರಿದಾಗ ವಾಪಸ್ ಎಳೆದುಕೊಳ್ಳಬೇಕು. ಕ್ಯಾಪಿನ ರಬ್ಬರ್ ಸತ್ತಿದ್ದರೆ ವಾಪಸ್ ಎಳೆಯುವುದಿಲ್ಲ. ಬಾಟಲಿ ತುಂಬಿಯೇ ಕಾಣುತ್ತದೆ, ರೇಡಿಯೇಟರ್ ಮಾತ್ರ ಬರಿದಾಗುತ್ತಾ ಹೋಗುತ್ತದೆ. ಆದ್ದರಿಂದ ತಣ್ಣಗಿರುವಾಗ ಕ್ಯಾಪ್ ತೆಗೆದು ಕತ್ತಿನ ತನಕ ಇದೆಯಾ ಅಂತ ನೋಡಿ.

ಏನೂ ಸಿಗದಿದ್ದರೆ ಬೇರೆ ಗ್ಯಾರೇಜಿಗೆ ಹೋಗಿ ‘ಕೂಲಿಂಗ್ ಸಿಸ್ಟಮ್ ಪ್ರೆಶರ್ ಟೆಸ್ಟ್ ಮಾಡಿ ಕೊಡ್ರಿ’ ಅಂತ ಕೇಳಿ. ಸೈಕಲ್ ಪಂಪಿನಂಥ ಒಂದು ಉಪಕರಣವನ್ನು ಕ್ಯಾಪಿನ ಜಾಗದಲ್ಲಿ ಕೂರಿಸಿ ಗಾಳಿ ಹೊಡೆಯುತ್ತಾರೆ. ಅದರ ಮೀಟರಿನ ಮುಳ್ಳು ಕದಲದೆ ನಿಂತರೆ ಸರಿ. ಇಳಿದರೆ ಆಗ ಎಲ್ಲಿ ಸೋರುತ್ತಿದೆ ಅಂತ ಎಂಜಿನ್ ತಣ್ಣಗಿರುವಾಗಲೇ ಕಾಣುತ್ತದೆ. ಬರೀ ಕ್ಲಾಂಪ್ ಸಡಿಲವಾಗಿದ್ದರೆ ಮಿರ್ಚಿ-ಗಿರ್ಮಿಟ್ ತಿಂದಷ್ಟು ಖರ್ಚಿನಲ್ಲಿ ಮುಗಿಯುತ್ತದೆ. ಗಾಳಿ ಇಳಿಯುತ್ತಿದೆ, ಆದರೂ ಹೊರಗೆ ಎಲ್ಲೂ ಒದ್ದೆ ಇಲ್ಲ ಅಂದರೆ ಅದು ಎಂಜಿನ್ ಒಳಗೇ ಹೋಗುತ್ತಿರಬಹುದು. ಅದರ ಬಗ್ಗೆ ಕೆಳಗೆ ಹಳೇ ಡೀಸೆಲ್ ಗಾಡಿ ಕೊಳ್ಳಲು ಹೊರಟ ಬೆಳಗಾವಿಯವರ ಪ್ರಶ್ನೆಯಲ್ಲಿ ಬರೆದಿದ್ದೇನೆ, ಓದಿ.

ಪ್ರಶ್ನೆ: ಹೋದ ತಿಂಗಳು ವಿಜಯಪುರದಿಂದ ಬಾಗಲಕೋಟೆಗೆ ಮದುವೆಗೆ ಹೊರಟಿದ್ದೆವು. ಕೊಲ್ಹಾರದ ದೊಡ್ಡ ಸೇತುವೆ ದಾಟಿದ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ಥರ್ಮಾಮೀಟರ್ ಚಿತ್ರದ ಕೆಂಪು ದೀಪ ಬಂತು. ನಾನು ನಿಲ್ಲಿಸಿ ಅಂದೆ. ನಮ್ಮ ಮನೆಯವರು ‘ಮುಹೂರ್ತ ತಪ್ಪುತ್ತದೆ, ಇನ್ನೇನು ಬಂದೇಬಿಡ್ತು’ ಅಂತ ಓಡಿಸಿದರು. ಮಧ್ಯದಲ್ಲಿ ಒಂದು ಸಲ ನಿಲ್ಲಿಸಿ ಬಾಟಲಿ ನೀರು ಹಾಕಿದರು, ಹೊಗೆ ಬಂತು. ಹೇಗೋ ತಲುಪಿದೆವು. ಈಗ ಗಾಡಿ ಮೊದಲಿನಂತೆ ಎಳೆಯುತ್ತಿಲ್ಲ. ಅವರು ಏನೂ ಆಗಿಲ್ಲ ಅನ್ನುತ್ತಾರೆ. ನೀವೇ ಹೇಳಿ. (ವಿಜಯಪುರದಿಂದ ಒಬ್ಬ ಓದುಗರು)

ಉತ್ತರ: ಅಕ್ಕಾ, ಗಂಡ-ಹೆಂಡತಿ ನಡುವೆ ತೀರ್ಪು ಹೇಳುವ ಅಂಕಣ ಇದಲ್ಲ. ಆದರೆ ಈ ಪ್ರಕರಣದಲ್ಲಿ ನೀವು ಗೆದ್ದಿದ್ದೀರಿ.

ಕೆಂಪು ದೀಪ ಬಂದ ಮೇಲೆ ಎಷ್ಟು ದೂರ ಓಡಿಸಬಹುದು ಅಂತ ಕೇಳುವವರು ಬಹಳ. ಗಾಡಿಯನ್ನು ರಸ್ತೆ ಬದಿಗೆ ಸುರಕ್ಷಿತವಾಗಿ ತರುವಷ್ಟು ದೂರ, ಅಷ್ಟೆ. ಈಗಿನ ಎಂಜಿನ್ನುಗಳ ಹೆಡ್, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳ, ಅಲ್ಯೂಮಿನಿಯಂನದು. ಅತಿಯಾಗಿ ಕಾದರೆ ಅದು ಡೊಂಕಾಗುತ್ತದೆ. ಕೂದಲೆಳೆಯಷ್ಟು ಡೊಂಕಾದರೂ ಸಾಕು, ಹೆಡ್ ಮತ್ತು ಅದರ ಕೆಳಗಿನ ಬ್ಲಾಕ್ ನಡುವಿನ ಗ್ಯಾಸ್ಕೆಟ್ ಹಿಡಿತ ಬಿಡುತ್ತದೆ. ಆಮೇಲೆ ಹೆಡ್ ಇಳಿಸು, ಲೇಥಿಗೆ ಕಳಿಸಿ ಫೇಸಿಂಗ್ ಮಾಡಿಸು, ಹೊಸ ಗ್ಯಾಸ್ಕೆಟ್ ಹಾಕು, ಈ ಕೆಲಸ ಸಾವಿರಗಳ ಲೆಕ್ಕದಲ್ಲಿ ಹೋಗುತ್ತದೆ. ಇನ್ನೂ ಓಡಿಸಿದರೆ ಪಿಸ್ಟನ್ ಕಚ್ಚಿಕೊಂಡು ಎಂಜಿನ್ ಸೀಜ್.

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ, ನಿಮ್ಮ ಮನೆಯವರಿಗೆ ಓದಿಸಿ, ಸ್ವಲ್ಪ ಸಮಾಧಾನ ಆಗಬಹುದು. ಹಲವು ವರ್ಷಗಳ ಹಿಂದೆ ನಾನೂ ಎರಡು ತಿಂಗಳು ಡಿಕ್ಕಿಯಲ್ಲಿ ನೀರಿನ ಕ್ಯಾನ್ ಇಟ್ಟುಕೊಂಡು ಓಡಾಡಿದೆ, ದೊಡ್ಡ ಜಾಣತನ ಅಂತ. ಜಮಖಂಡಿಯಿಂದ ಬರುವಾಗ ಹೀಟ್ ತೋರಿಸುವ ಮುಳ್ಳು ಮೇಲೇರಿತು, ನಾನು ನೋಡುತ್ತಲೇ ಇದ್ದೆ, ಆಮೇಲೆ ತನ್ನಷ್ಟಕ್ಕೆ ಕೆಳಗಿಳಿಯಿತು. ಅಬ್ಬಾ ಸರಿಹೋಯ್ತು ಅಂದುಕೊಂಡು ಆಕ್ಸಿಲರೇಟರ್ ಒತ್ತಿದೆ. ಸರಿ ಎಲ್ಲಿ ಹೋಗಿತ್ತು? ಕೂಲೆಂಟ್ ಪೂರ್ತಿ ಖಾಲಿಯಾಗಿ ಸೆನ್ಸರ್ ಸುತ್ತ ಅಳೆಯಲು ದ್ರವವೇ ಇರಲಿಲ್ಲ, ಅದಕ್ಕೇ ಮುಳ್ಳು ಸುಳ್ಳು ಹೇಳಿತು. ನಾಲ್ಕೈದು ಕಿಲೋಮೀಟರಿನಲ್ಲಿ ಗಾಡಿ ನಿಂತಿತು. ಸೋರುತ್ತಿದ್ದದ್ದು ಒಂದು ಪೈಪು. ಬದಲಾಯಿಸಿದ್ದು ಹೆಡ್.

ಮುಂದಿನ ಸಲ ಹೀಗಾದರೆ, ಆಗದಿರಲಿ, ಮೊದಲು ಎಸಿ ಬಂದ್ ಮಾಡಿ. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರು ಮಾಡಿ, ಕಿಟಕಿ ಇಳಿಸಿ. ಬಿಸಿಲಲ್ಲಿ ಹೀಟರ್ ಹಾಕು ಅಂದರೆ ಹುಚ್ಚು ಅನ್ನಿಸುತ್ತದೆ, ಆದರೆ ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರೇ, ಎಂಜಿನ್ನಿನ ಶಾಖವನ್ನು ಅದು ನಿಮ್ಮ ಮೇಲೆ ಊದುತ್ತದೆ. ಜಾಗ ಸಿಕ್ಕ ಕೂಡಲೇ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಎಲ್ಲರೂ ಇಳಿದು ರಸ್ತೆಯಿಂದ ದೂರ ನಿಲ್ಲಿ. ಹೊಗೆ ಅಥವಾ ಆವಿ ಕಾಣುತ್ತಿದ್ದರೆ ಬಾನೆಟ್ ಎತ್ತಲು ಹೋಗಬೇಡಿ, ಅದು ನಿಲ್ಲಲಿ. ಆಮೇಲೂ ಕ್ಯಾಪಿಗೆ ಕೈ ಹಾಕಬೇಡಿ. ಒಳಗೆ 100 ಡಿಗ್ರಿ ದಾಟಿದ ನೀರು ಒತ್ತಡದಲ್ಲಿ ಕೂತಿದೆ, ಕ್ಯಾಪ್ ಸಡಿಲಿಸಿದ ಕ್ಷಣ ಪೂರ್ತಿ ಕುದ್ದು ಮುಖಕ್ಕೆ ಹಾರುತ್ತದೆ. ಸುಟ್ಟ ಮುಖದ ಮುಂದೆ ಮುಹೂರ್ತ ಏನು ದೊಡ್ಡದು ಅಲ್ವಾ?

ಕಡಿಮೆ ಅಂದರೂ ಮುಕ್ಕಾಲು ಗಂಟೆ ಕಾಯಿರಿ. ಬೇಸಿಗೆಯಲ್ಲಿ ಒಂದು ಗಂಟೆಯೂ ಬೇಕು. ಮೇಲಿನ ದಪ್ಪ ಪೈಪನ್ನು ಕೈಯಲ್ಲಿ ಹಿಡಿದು ಒತ್ತಲು ಬಂದರೆ, ಒತ್ತಿದಾಗ ಮೆತ್ತಗೆ ಒಳಗೆ ಹೋದರೆ, ಆಗ ದಪ್ಪ ಬಟ್ಟೆ ಮುಚ್ಚಿ, ಮುಖ ದೂರ ಇಟ್ಟು, ಕ್ಯಾಪನ್ನು ಸ್ವಲ್ಪ ಮಾತ್ರ ತಿರುಗಿಸಿ ನಿಲ್ಲಿಸಿ. ಸುಯ್ ಅನ್ನುವ ಸದ್ದು ಪೂರ್ತಿ ನಿಂತ ಮೇಲೆ ತೆಗೆಯಿರಿ. ನೀರು ನಿಧಾನಕ್ಕೆ ಹಾಕಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು, ನಿಮ್ಮ ಮನೆಯವರು ಮಾಡಿದ್ದು ಅದೇ ತಪ್ಪು. ಬಾಟಲಿ ನೀರು ಆಗಬಹುದು, ಆಪತ್ತಿನಲ್ಲಿ ಯಾವ ನೀರಾದರೂ ಆದೀತು. ಆಮೇಲೆ ಹತ್ತಿರದ ಗ್ಯಾರೇಜ್ ತನಕ, ಎಸಿ ಇಲ್ಲದೆ, ನಿಧಾನವಾಗಿ. ದೀಪ ಮತ್ತೆ ಬಂದರೆ ಮತ್ತೆ ನಿಲ್ಲಿಸಿ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033ಕ್ಕೆ ಫೋನ್ ಮಾಡಿ ಸಹಾಯ ಕೇಳಬಹುದು. ವಿಮೆಯ ಜೊತೆ ರಸ್ತೆ ಸಹಾಯ ಸೇರಿದೆಯಾ ಅಂತ ಇವತ್ತೇ ಕಾಗದ ತೆಗೆದು ನೋಡಿ, ಎಷ್ಟೋ ಜನ ದುಡ್ಡು ಕಟ್ಟಿ ಮರೆತಿರುತ್ತಾರೆ.

ಈಗಿನ ಗಾಡಿಗೆ: ಎಳೆತ ಕಡಿಮೆಯಾಗಿದೆ ಅಂದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಅನುಮಾನ ಬಲವಾಗಿದೆ. ಸಿಲಿಂಡರಿನಲ್ಲಿ ಒತ್ತಡ ನಿಲ್ಲುತ್ತದಾ ಅಂತ ನೋಡುವ ಕಂಪ್ರೆಶನ್ ಟೆಸ್ಟ್ ಮಾಡಿಸಿ. ಅಲ್ಲಿಯ ತನಕ ದೂರದ ಮದುವೆಗಳಿಗೆ ಬೇರೆ ಗಾಡಿ ನೋಡಿ.

ಪ್ರಶ್ನೆ: ನಮ್ಮಪ್ಪ ಜೀಪಿಗೆ ಜೀವನಪೂರ್ತಿ ಬಾವಿ ನೀರೇ ಹಾಕಿದರು, ಏನೂ ಆಗಲಿಲ್ಲ. ಈಗ ಅಂಗಡಿಯವರು ಕೆಂಪು, ಹಸಿರು, ನೀಲಿ ಅಂತ ಡಬ್ಬಿ ತೋರಿಸುತ್ತಾರೆ. ಕೂಲೆಂಟ್ ಹಿಮ ಬೀಳುವ ದೇಶದವರಿಗೆ ಅಂತ ಓದಿದ್ದೆ. ನಮ್ಮ ಬೋರ್ ನೀರು ಹಾಕಿದರೆ ಆಯ್ತಲ್ವಾ? (ತಿಕೋಟಾದಿಂದ ಒಬ್ಬ ದ್ರಾಕ್ಷಿ ಬೆಳೆಗಾರರು)

ಉತ್ತರ: ಕಾಕಾ, ನಿಮ್ಮಪ್ಪನವರ ಜೀಪಿನ ರೇಡಿಯೇಟರ್ ತಾಮ್ರ-ಹಿತ್ತಾಳೆಯದು, ಎಂಜಿನ್ ಬೀಡು ಕಬ್ಬಿಣದ್ದು. ಕಟ್ಟಿಕೊಂಡರೆ ಬಿಚ್ಚಿ ಸಲಾಕೆ ಹಾಕಿ ತೊಳೆಯುತ್ತಿದ್ದರು, ಸೋರಿದರೆ ಬೆಸುಗೆ ಹಾಕುತ್ತಿದ್ದರು. ಈಗಿನದು ತೆಳು ಅಲ್ಯೂಮಿನಿಯಂ, ದಾರಿಗಳು ಸಣ್ಣವು. ಅದಕ್ಕೆ ನಮ್ಮ ಸವಳು ನೀರು ಹಾಕಿದರೆ ಏನಾಗುತ್ತದೆ ಅಂತ ನಿಮ್ಮ ಮನೆಯ ಗೀಸರ್ ಬಿಚ್ಚಿ ನೋಡಿ, ಡ್ರಿಪ್ ಪೈಪಿನ ಬಾಯಿ ನೋಡಿ. ಹನಿ ನೀರಾವರಿ ಮಾಡುವವರಿಗೆ ನಾನು ಈ ಪಾಠ ಹೇಳಬೇಕಾ! ಆ ಬಿಳಿ ಪದರವೇ ಎಂಜಿನ್ ಒಳಗೂ ಕಟ್ಟುತ್ತದೆ, ಶಾಖ ಹೊರಗೆ ಹೋಗಲು ಬಿಡುವುದಿಲ್ಲ. ಜೊತೆಗೆ ಉಪ್ಪಿನ ಅಂಶ ಅಲ್ಯೂಮಿನಿಯಂ ತಿನ್ನುತ್ತದೆ.

ಹೆಪ್ಪುಗಟ್ಟದಂತೆ ತಡೆಯುವುದು ಕೂಲೆಂಟಿನ ಒಂದು ಕೆಲಸ ಮಾತ್ರ, ಅದು ನಮಗೆ ಬೇಡ, ಒಪ್ಪಿದೆ. ಅದರ ಮುಖ್ಯ ಅಂಶ ಎಥಿಲೀನ್ ಗ್ಲೈಕಾಲ್, ಅದು ಕುದಿಯುವ ಬಿಂದುವನ್ನೂ ಮೇಲಕ್ಕೆ ತಳ್ಳುತ್ತದೆ. ಅದಕ್ಕಿಂತ ನಮಗೆ ಬೇಕಾದದ್ದು ಒಳಗೆ ಸೇರಿಸಿರುವ ತುಕ್ಕು ತಡೆಯುವ ರಾಸಾಯನಿಕಗಳು. ಅವು ವರ್ಷ ಕಳೆದ ಹಾಗೆ ಸವೆಯುತ್ತವೆ, ಅದಕ್ಕೇ ಮಟ್ಟ ಸರಿಯಿದ್ದರೂ ಕೈಪಿಡಿಯಲ್ಲಿ ಹೇಳಿದ ವರ್ಷಕ್ಕೆ ಪೂರ್ತಿ ಬದಲಾಯಿಸಬೇಕು.

ಬಣ್ಣ ನೋಡಿ ಕೊಳ್ಳಬೇಡಿ. ಬಣ್ಣ ಅಂದರೆ ಬರೀ ಬಣ್ಣ, ಒಂದು ಕಂಪನಿಯ ಹಸಿರಿಗೂ ಇನ್ನೊಂದರ ಹಸಿರಿಗೂ ಸಂಬಂಧ ಇರಬೇಕಂತಿಲ್ಲ. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಯಾವ ದರ್ಜೆ ಬರೆದಿದ್ದಾರೋ ಅದನ್ನೇ ತನ್ನಿ. ಬೇರೆ ಬೇರೆ ಜಾತಿಯವು ಬೆರೆತರೆ ಕೆಲವು ಸಲ ಅಂಬಲಿ ಥರ ಗಟ್ಟಿಯಾಗಿ ರೇಡಿಯೇಟರ್ ಕಟ್ಟಿಕೊಳ್ಳುತ್ತದೆ. ಡಬ್ಬಿ ಮೇಲೆ ‘ರೆಡಿ ಟು ಯೂಸ್’ ಅಂತ ಇದ್ದರೆ ಹಾಗೇ ಸುರಿಯಿರಿ, ‘ಕಾನ್ಸಂಟ್ರೇಟ್’ ಇದ್ದರೆ ಡಬ್ಬಿಯಲ್ಲಿ ಹೇಳಿದಷ್ಟು, ಸಾಮಾನ್ಯವಾಗಿ ಸಮಸಮ, ಡಿಸ್ಟಿಲ್ಡ್ ವಾಟರ್ ಸೇರಿಸಿ. ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದಲ್ಲ, ಅದೇ. ಆಸಿಡ್ ಅಲ್ಲ, ನೀರು, ಕೇಳಿ ತನ್ನಿ. ದುಡ್ಡಿದೆ ಅಂತ ಕಾನ್ಸಂಟ್ರೇಟನ್ನೇ ಪೂರ್ತಿ ತುಂಬಿದರೂ ತಪ್ಪು, ಶಾಖ ಹೊರುವುದರಲ್ಲಿ ನೀರೇ ಅದಕ್ಕಿಂತ ಗಟ್ಟಿ, ಎರಡೂ ಬೇಕು.

ದಾರಿಯಲ್ಲಿ ಆಪತ್ತಿಗೆ ಬೋರ್ ನೀರು ಹಾಕಿದ್ದರೆ ಗಾಬರಿ ಬೇಡ. ಆ ವಾರವೇ ಪೂರ್ತಿ ಖಾಲಿ ಮಾಡಿಸಿ, ತೊಳೆಸಿ, ಹೊಸದು ತುಂಬಿಸಿ. ತುಂಬುವಾಗ ಒಳಗೆ ಗಾಳಿ ಸಿಕ್ಕಿಕೊಳ್ಳದಂತೆ ತೆಗೆಯಬೇಕು, ಅವಸರದ ಹುಡುಗರು ಅದನ್ನೇ ಬಿಟ್ಟುಬಿಡುತ್ತಾರೆ. ಕೂಲೆಂಟ್ ಬದಲಾಯಿಸಿದ ಮರುದಿನವೇ ಗಾಡಿ ಹೀಟ್ ಆಯ್ತು ಅಂತ ಇಬ್ಬರು ಬರೆದಿದ್ದೀರಿ, ಮೊದಲು ಈ ಗಾಳಿಯನ್ನೇ ಅನುಮಾನಿಸಿ.

ಪ್ರಶ್ನೆ: ಎಸಿ ಹಾಕಿ ನಿಲ್ಲಿಸಿದರೆ ಗಾಡಿ ಕೆಳಗೆ ನೀರು ತೊಟ್ಟಿಕ್ಕುತ್ತದೆ. ಕೂಲೆಂಟ್ ಸೋರಿಕೆಯಾ? (ಜಮಖಂಡಿ)

ಉತ್ತರ: ಬೆರಳಿಗೆ ಹಚ್ಚಿ ಉಜ್ಜಿ ನೋಡಿ. ಬಣ್ಣ ಇಲ್ಲ, ವಾಸನೆ ಇಲ್ಲ, ಜಿಡ್ಡಿಲ್ಲ, ತಣ್ಣಗಿದೆ ಅಂದರೆ ಅದು ಎಸಿಯಲ್ಲಿ ಗಾಳಿಯ ತೇವ ನೀರಾಗಿ ಹೊರಗೆ ಬಿದ್ದದ್ದು. ಬೀಳಲೇಬೇಕು, ಬೀಳದಿದ್ದರೆ ಒಳಗೆ ಕಾರ್ಪೆಟ್ ತೋಯುತ್ತದೆ. ಜಿಡ್ಡಿದ್ದು ಬಣ್ಣ ಇದ್ದರೆ ಕೂಲೆಂಟ್. ಅನುಮಾನ ಇದ್ದರೆ ರಾತ್ರಿ ಗಾಡಿ ಕೆಳಗೆ ಒಂದು ಹಳೇ ರಟ್ಟು ಹಾಸಿ, ಬೆಳಿಗ್ಗೆ ಕಲೆ ನೋಡಿ. ನೆಕ್ಕಿ ನೋಡುವವರನ್ನೂ ಕಂಡಿದ್ದೇನೆ. ದಯವಿಟ್ಟು ಬೇಡ.

ಪ್ರಶ್ನೆ: ಕಬ್ಬಿನ ಸೀಸನ್ನಿನಲ್ಲಿ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಹಿಂದೆ ಅರ್ಧ ಗಂಟೆ ತೆವಳಿದರೆ ನನ್ನ ಗಾಡಿಯ ಮುಳ್ಳು ಏರುತ್ತದೆ. ಖಾಲಿ ರಸ್ತೆ ಸಿಕ್ಕರೆ ತಾನೇ ಇಳಿಯುತ್ತದೆ. ಕೂಲೆಂಟ್ ಮಟ್ಟ ಸರಿಯಾಗಿದೆ. (ಮುಧೋಳ)

ಉತ್ತರ: ಅರ್ಧ ಉತ್ತರ ನೀವೇ ಬರೆದಿದ್ದೀರಿ. ವೇಗವಾಗಿ ಹೋಗುವಾಗ ಗಾಳಿ ತಾನಾಗಿ ರೇಡಿಯೇಟರಿಗೆ ಬಡಿಯುತ್ತದೆ, ತೆವಳುವಾಗ ಫ್ಯಾನ್ ಒಂದೇ ಗತಿ. ಅಂದರೆ ಫ್ಯಾನ್ ತಿರುಗುತ್ತಿಲ್ಲ, ಅಥವಾ ತಿರುಗಿದರೂ ಗಾಳಿ ಒಳಗೆ ಹೋಗುತ್ತಿಲ್ಲ. ಗಾಡಿ ಚಾಲೂ ಇಟ್ಟು ಎಸಿ ಹಾಕಿ, ಹೆಚ್ಚಿನ ಗಾಡಿಗಳಲ್ಲಿ ಸ್ವಲ್ಪ ಹೊತ್ತಿಗೆ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ, ಸೆನ್ಸರ್, ಕೊನೆಗೆ ಮೋಟರ್, ಈ ಸಾಲಿನಲ್ಲಿ ನೋಡಿಸಿ. ನೇರವಾಗಿ ಮೋಟರಿಗೇ ಕೈ ಹಾಕುವ ಗ್ಯಾರೇಜಿನಲ್ಲಿ ‘ಮೊದ್ಲ ರಿಲೇ ಬದ್ಲಿ ಮಾಡಿ ನೋಡಪಾ’ ಅನ್ನಿ. ಬಂದ್ ಮಾಡಿದ ಮೇಲೂ ಫ್ಯಾನ್ ತಟ್ಟನೆ ತಿರುಗಬಹುದು, ಬೆರಳು ದೂರ ಇರಲಿ.

ಫ್ಯಾನ್ ಸರಿಯಿದ್ದರೆ ಕಸ. ನಿಮ್ಮ ಕಡೆ ಕೇಳಬೇಕಾ, ರವದಿ (ಕಬ್ಬಿನ ಒಣ ಎಲೆ) ಚೂರು, ಧೂಳು, ಹುಳ ಎಲ್ಲ ಹೋಗಿ ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಕಂಬಳಿ ಹೊದಿಸಿದ ಹಾಗೆ ಕೂತಿರುತ್ತದೆ. ಮುಂದಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಎಂಜಿನ್ ಕಡೆಯಿಂದ ಹೊರಮುಖವಾಗಿ, ತೋಟದ ಪೈಪಿನ ನೀರಿನಲ್ಲಿ ತೊಳೆಸಿ. ವಾಷಿಂಗ್ ಸೆಂಟರಿನ ಜೋರು ಪ್ರೆಶರ್ ಹೊಡೆಸಿದರೆ ಆ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಇದಕ್ಕೆ ಉಲ್ಟಾ ಪ್ರಶ್ನೆಯೂ ಬಂದಿದೆ. ಗೋವಾದಿಂದ ಚೋರ್ಲಾ ಘಾಟ್ ಹತ್ತುವಾಗ ಮಾತ್ರ ಹೀಟ್ ಆಗುತ್ತದೆ, ಊರಲ್ಲಿ ಆಗಲ್ಲ ಅಂತ ಬೆಳಗಾವಿಯವರೊಬ್ಬರು. ಅಲ್ಲಿ ಫ್ಯಾನ್ ತಪ್ಪಿರುವುದು ಕಡಿಮೆ. ಏರಿನಲ್ಲಿ ಎಂಜಿನ್ ದುಡಿಯುವಷ್ಟು ಕೂಲೆಂಟ್ ಹರಿಯುತ್ತಿಲ್ಲ. ಅರ್ಧ ಮಾತ್ರ ತೆರೆಯುವ ಥರ್ಮೋಸ್ಟಾಟ್, ಒಳಗೆ ಪದರ ಕಟ್ಟಿದ ರೇಡಿಯೇಟರ್, ಸವೆದ ಪಂಪು, ಮೂರರಲ್ಲಿ ಒಂದು. ಥರ್ಮೋಸ್ಟಾಟ್ ತೆಗೆದು ಬಿಸಾಕಿ ಅನ್ನುವ ಸಲಹೆ ನಿಮಗೆ ಸಿಕ್ಕೇ ಸಿಗುತ್ತದೆ. ಕೇಳಬೇಡಿ. ಅದು 82-88 ಡಿಗ್ರಿ ಸುಮಾರಿಗೆ ತೆರೆದು ಎಂಜಿನ್ನನ್ನು ಹದದಲ್ಲಿ ಇಡುವ ವಾಲ್ವ್, ಅದಿಲ್ಲದಿದ್ದರೆ ಎಂಜಿನ್ ಸರಿಯಾಗಿ ಬಿಸಿಯೇ ಆಗದೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಹೊಸದು ಹಾಕಿಸಿ.

ಪ್ರಶ್ನೆ: ಹಳೇ ಡೀಸೆಲ್ ಗಾಡಿಯೊಂದು ಕಡಿಮೆ ಬೆಲೆಗೆ ಬಂದಿದೆ. ಮಾರುವವರು ‘ಸ್ವಲ್ಪ ಹೀಟ್ ಆಗ್ತದ, ಕೂಲೆಂಟ್ ಹಾಕಿದ್ರ ಆತು’ ಅನ್ನುತ್ತಾರೆ. ತೊಗೊಳ್ಳಲಾ? (ಬೆಳಗಾವಿ)

ಉತ್ತರ: ಆ ಒಂದು ಮಾತಿಗೇ ನಾನು ವಾಪಸ್ ಬರುತ್ತಿದ್ದೆ. ಆದರೂ ಮನಸ್ಸಿದ್ದರೆ, ಬೆಳಿಗ್ಗೆ ಹೇಳದೆ ಹೋಗಿ. ನೀವು ಹೋಗುವಷ್ಟರಲ್ಲಿ ಎಂಜಿನ್ ಬಿಸಿಯಾಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ತಣ್ಣಗಿರುವಾಗ ಆಯಿಲ್ ಡಿಪ್‌ಸ್ಟಿಕ್ ಎಳೆಯಿರಿ. ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಅದರೊಳಗೆ ಕೂಲೆಂಟ್ ಸೇರಿದೆ. ಆಯಿಲ್ ಮುಚ್ಚಳದ ಒಳಗೆ ಮಾತ್ರ ಸ್ವಲ್ಪ ಬಿಳಿ ನೊರೆ ಇದ್ದರೆ ಅಷ್ಟಕ್ಕೇ ಹೆದರಬೇಡಿ, ನಿಮ್ಮ ಊರಿನ ಮಳೆಗಾಲದಲ್ಲಿ ಬರೀ ಎರಡು ಕಿಲೋಮೀಟರ್ ಓಡಿಸುವ ಗಾಡಿಗೆ ತೇವದಿಂದಲೂ ಅದು ಬರುತ್ತದೆ.

ಆಮೇಲೆ ಚಾಲೂ ಮಾಡಿಸಿ. ಒಂದೆರಡು ನಿಮಿಷದಲ್ಲೇ, ಇನ್ನೂ ಬಿಸಿಯಾಗುವ ಮೊದಲೇ, ಮೇಲಿನ ಪೈಪು ಕಲ್ಲಿನಂತೆ ಗಟ್ಟಿಯಾದರೆ ಅಥವಾ ಕೂಲೆಂಟ್ ಬಾಟಲಿಯಲ್ಲಿ ಗುಳುಗುಳು ಗುಳ್ಳೆ ನಿಲ್ಲದೆ ಬರುತ್ತಿದ್ದರೆ, ಸಿಲಿಂಡರಿನ ಗ್ಯಾಸ್ ಕೂಲೆಂಟಿನೊಳಗೆ ನುಗ್ಗುತ್ತಿದೆ, ಗ್ಯಾಸ್ಕೆಟ್ ಹೋಗಿದೆ. ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ, ಸಿಹಿ ವಾಸನೆ, ಬಿಸಿಯಾದ ಮೇಲೂ ನಿಲ್ಲದಿದ್ದರೆ ಅದೂ ಅದೇ ಕಥೆ. ಚಳಿಯಲ್ಲಿ ಶುರುವಿಗೆ ಬಂದು ನಿಲ್ಲುವ ತೆಳು ಆವಿ ಎಲ್ಲ ಗಾಡಿಗೂ ಇರುತ್ತದೆ. ಕೆಲವು ಗ್ಯಾರೇಜುಗಳಲ್ಲಿ ನೀಲಿ ದ್ರಾವಣದ ಟೆಸ್ಟ್ ಮಾಡುತ್ತಾರೆ, ರೇಡಿಯೇಟರ್ ಬಾಯಿಯ ಗಾಳಿ ತಾಗಿ ಅದು ಹಸಿರಿಗೆ ಅಥವಾ ಹಳದಿಗೆ ತಿರುಗಿದರೆ ವಾದ ಮುಗಿಯಿತು. ಹೆಡ್ ಕೆಲಸದ ಅಂದಾಜು ಖರ್ಚು ಬೇರೆ ಗ್ಯಾರೇಜಿನಿಂದ ಕೇಳಿ ತಿಳಿದು, ಅದನ್ನು ಬೆಲೆಯಲ್ಲಿ ಕಳೆದು ಕೇಳಿ. ಒಪ್ಪದಿದ್ದರೆ ನಮಸ್ಕಾರ ಹೇಳಿ.

ಪ್ರಶ್ನೆ: ರೇಡಿಯೇಟರಿಗೆ ಅರಿಶಿನ ಪುಡಿ ಹಾಕಿದರೆ ಸೋರಿಕೆ ನಿಲ್ಲುತ್ತದಂತೆ, ಲಾರಿ ಡ್ರೈವರ್ ಮಾವ ಹೇಳಿದರು. ನಿಜವಾ? (ಇಳಕಲ್)

ಉತ್ತರ: ಮಾವ ಸುಳ್ಳು ಹೇಳಿಲ್ಲ. ಹಳೇ ಲಾರಿಗಳಲ್ಲಿ, ನಡುರಾತ್ರಿ, ಊರಿಲ್ಲದ ಕಡೆ, ಅದು ಎಷ್ಟೋ ಜನರನ್ನು ಮನೆ ಮುಟ್ಟಿಸಿದೆ. ಪುಡಿ ಹೋಗಿ ತೂತಿನಲ್ಲಿ ಕೂರುತ್ತದೆ. ಆದರೆ ಅದಕ್ಕೆ ಕೆಟ್ಟ ತೂತು ಯಾವುದು, ಬೇಕಾದ ದಾರಿ ಯಾವುದು ಅಂತ ಗೊತ್ತಾಗುವುದಿಲ್ಲ, ಹೀಟರ್ ಕೋರಿನ ಸಣ್ಣ ನಾಳಗಳಲ್ಲೂ ಕೂರುತ್ತದೆ. ಅಂಗಡಿಯಲ್ಲಿ ಸಿಗುವ ಸ್ಟಾಪ್-ಲೀಕ್ ಡಬ್ಬಿಗೂ ಹೆಚ್ಚುಕಡಿಮೆ ಇದೇ ಮಾತು. ಹಾಕಲೇಬೇಕಾಗಿ ಬಂದರೆ ಗ್ಯಾರೇಜಿನವರಿಗೆ ಮರೆಯದೆ ಹೇಳಿ, ಪೂರ್ತಿ ತೊಳೆಯಬೇಕಾಗುತ್ತದೆ. ಅರಿಶಿನ ಅಡುಗೆಮನೆಯಲ್ಲೇ ಇರಲಿ.

ಪ್ರಶ್ನೆ: ಅಂಗಳದಲ್ಲಿ ಕೂಲೆಂಟ್ ಚೆಲ್ಲಿತ್ತು, ನಮ್ಮ ನಾಯಿ ನೆಕ್ಕುತ್ತಿದ್ದುದನ್ನು ನೋಡಿದೆ. ಓಡಿಸಿದೆ. ಏನಾದರೂ ಆಗುತ್ತದಾ? (ಬಾಗಲಕೋಟೆ ನವನಗರ)

ಉತ್ತರ: ಈ ಪ್ರಶ್ನೆಗೆ ಪತ್ರಿಕೆಯಲ್ಲಿ ಉತ್ತರ ಕಾಯಬಾರದಿತ್ತು, ಅದಕ್ಕೆ ಬಂದ ದಿನವೇ ಫೋನ್ ಮಾಡಿ ಪಶುವೈದ್ಯರ ಹತ್ತಿರ ಹೋಗಲು ಹೇಳಿದೆ. ಉಳಿದವರಿಗಾಗಿ ಬರೆಯುತ್ತಿದ್ದೇನೆ. ಎಥಿಲೀನ್ ಗ್ಲೈಕಾಲ್ ಸಿಹಿ, ನಾಯಿಗಳು ಇಷ್ಟಪಟ್ಟು ನೆಕ್ಕುತ್ತವೆ, ನಾಯಿಯಾಗಲಿ ಬೆಕ್ಕಾಗಲಿ ಹೊಟ್ಟೆಗೆ ಸ್ವಲ್ಪ ಹೋದರೂ ಮೂತ್ರಪಿಂಡ ಕೆಡುತ್ತದೆ. ಮಕ್ಕಳಿಗೂ ಅಷ್ಟೇ ವಿಷ. ಮಗು ಕುಡಿದಿದೆ ಅನ್ನುವ ಅನುಮಾನ ಬಂದರೂ, ನೋಡೋಣ ಅನ್ನದೆ, ಡಬ್ಬಿ ಸಮೇತ ಆಸ್ಪತ್ರೆಗೆ ಓಡಿ. ಚೆಲ್ಲಿದ್ದರ ಮೇಲೆ ಮಣ್ಣು ಅಥವಾ ಬೂದಿ ಹಾಕಿ ಬಳಿದು, ಜಾಗವನ್ನು ಚೆನ್ನಾಗಿ ತೊಳೆಯಿರಿ. ಹಳೇ ಕೂಲೆಂಟನ್ನು ಗಟಾರಕ್ಕೆ, ಹೊಲಕ್ಕೆ ಸುರಿಯಬೇಡಿ, ಡಬ್ಬಿಗೆ ತುಂಬಿ ಗ್ಯಾರೇಜಿಗೆ ಕೊಡಿ. ಉಳಿದ ಕೂಲೆಂಟನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಯಾವತ್ತೂ ತುಂಬಿಡಬೇಡಿ. ಕೆಂಪಗೆ, ಶರಬತ್ತಿನ ಹಾಗೆ ಕಾಣುತ್ತದೆ, ಬಿಸಿಲಲ್ಲಿ ಆಡಿ ಬಂದ ಹುಡುಗರು ಕೇಳಿ ಕುಡಿಯುವುದಿಲ್ಲ.